ಸಿದ್ದನಿಗೆ ಎರಡು ಸಲ ಹೆಸರಿಟ್ಟದ್ದು

೯ ಜೂನ್ ೧೯೩೮, ಗುರುವಾರ. ರಾಯದುರ್ಗ

ಬೆಳಿಗ್ಗೆ ಹುಣಿಸೆಹಣ್ಣು ನೆನೆಹಾಕಿ ಅಂಗಡಿಯ ತಪ್ಪಲೆಗಳನ್ನೆಲ್ಲ ತಿಕ್ಕಿದ್ದಾಯಿತು. ಕೈ ಉರಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅದನ್ನು ಮುಚ್ಚಿದರೂ ಒಂದೇ, ತೆರೆದರೂ ಒಂದೇ. ಕೊಳ್ಳುವವರು ಪಾತ್ರೆ ಬಡಿದು ನೋಡುತ್ತಾರೆ. ಕೊಂಡ ಮೇಲೆ ನಮ್ಮನೆಯವರು ಉಳಿ ಹಿಡಿದು ಪಾತ್ರೆಯ ಕಂಠಕ್ಕೆ ಅವರ ಹೆಸರು ಕೊರೆಯುತ್ತಾರೆ — ಟಕ್ ಟಕ್ ಟಕ್. ಮದುವೆಯಾಗಿ ಬಂದ ಹೊಸದರಲ್ಲಿ ತಲೆ ಸಿಡಿಯುತ್ತಿತ್ತು. ಈಗಲೂ ಸಿಡಿಯುತ್ತದೆ. ಯಾರಿಗೆ ಹೇಳಲಿ.

ಸಿದ್ದ ಮಾತ್ರ ತೊಟ್ಟಿಲಲ್ಲಿ ತಣ್ಣಗೆ ನಿದ್ದೆ. ಐದು ತಿಂಗಳ ಕೂಸು. ಹೆರಿಗೆಗೆ ಹೋದವಳು ಮಡಕಶಿರಾದಿಂದ ಬಂದು ಇನ್ನೂ ತಿಂಗಳಾಗಿಲ್ಲ. ಅತ್ತೆ ಬೀದಿಯವರನ್ನು ಕರೆಕರೆದು ತೋರಿಸುತ್ತಾರೆ.

"ನೋಡ್ರಿ, ಅಂಗಡಿ ಕೂಸು ಇದು! ಗದ್ಲಕ್ಕ ಹೆದ್ರಂಗಿಲ್ಲ. ಅಜ್ಜನ ಗುಣ ಬಂದತಿ."

ಆ ಅಜ್ಜ, ಅಂದರೆ ತೀರಿಹೋದ ನಮ್ಮ ಮಾವ, ಪಂಚಾಯ್ತಿಯಲ್ಲಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರಂತೆ. ಅದೂ ಒಂದು ಗುಣ! ಹೊಗಳಲು ಬೇರೇನೂ ಸಿಗದ ಮನೆತನ.

ಆದರೆ ಇಷ್ಟು ನಿದ್ದೆ ಒಳ್ಳೆಯದೇ? ಎದ್ದಾಗ ಹಾಲು ಕುಡಿಯುತ್ತಾನೆ, ನಗುತ್ತಾನೆ, ಮೈ ತುಂಬಿದೆ. ಏನೂ ಕಮ್ಮಿ ಇಲ್ಲ. ಸುಮ್ಮನೆ ನನಗೊಂದು ಯೋಚನೆ.

೧೪ ಜೂನ್

ಪಕ್ಕದ ನೇಕಾರರ ಮನೆಯ ಈರಕ್ಕ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಹೆಣ್ಣು, ನಮ್ಮವನಿಗಿಂತ ಸಣ್ಣದು. ಮೂಗಿನಲ್ಲಿ ಸದಾ ಸಿಂಬಳ, ತಲೆಯಲ್ಲಿ ಹೊಟ್ಟು. ಇಬ್ಬರನ್ನೂ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ನಾನು ಅವರ ಬೆನ್ನ ಹಿಂದೆ ಅವಲಕ್ಕಿ ಡಬ್ಬಿ ತೆಗೆದೆ. ಮುಚ್ಚಳ ಟಪ್ಪೆಂದಿತು. ಆ ಸಿಂಬಳದ ಕೂಸು ಕತ್ತು ಹೊರಳಿಸಿ ನನ್ನ ಕಡೆ ನೋಡಿತು. ಸಿದ್ದ ನೋಡಲಿಲ್ಲ.

ಮತ್ತೆ ಮುಚ್ಚಿ, ಮತ್ತೆ ತೆಗೆದೆ. ಅದು ನೋಡಿತು. ಇವನು ಈರಕ್ಕನ ತಾಳಿ ಹಿಡಿದು ಆಡುತ್ತಿದ್ದ.

"ಏನವ್ವ, ಡಬ್ಬಿ ಜತಿ ಆಟ ಆಡಾಕತ್ತೀಯಾ?" ಅಂದಳು. ನಕ್ಕೆ. ಡಬ್ಬಿ ಎತ್ತಿಟ್ಟೆ.

ಬಸುರಿಯಿದ್ದಾಗ ಆರನೇ ತಿಂಗಳಲ್ಲಿ ನನಗೆ ಚಳಿಜ್ವರ ಬಂದು ಕಂಪೌಂಡರ್ ಕ್ವಿನೈನ್ ಕೊಟ್ಟಿದ್ದ. ನುಂಗಿದ ಮೇಲೆ ನನ್ನ ಕಿವಿಯೇ ಗುಂಯ್ ಅನ್ನುತ್ತಿತ್ತು. ಅದೋ? ಅಥವಾ ಗ್ರಹಣದ ದಿನ ಹೊರಗೆ ಬಂದದ್ದೋ? ಬೋರ್ಡ್ ಸ್ಕೂಲಿನಿಂದ ಐದನೇ ಕ್ಲಾಸು ಅರ್ಧಕ್ಕೆ ಬಿಡಿಸಿ ತಂದರು ನನ್ನನ್ನು. ಅರ್ಧ ಓದಿದ ತಲೆ, ಅರ್ಧ ಯೋಚಿಸಿ ಪೂರ್ತಿ ಹೆದರುತ್ತದೆ.

೨೭ ಜೂನ್, ಸೋಮವಾರ

ಅಯ್ಯನವರು ಭಿಕ್ಷೆಗೆ ಬಂದರು. ಕಾಲಿಗೆ ಜಂಗಿನ ಗೆಜ್ಜೆ, ಕೈಯಲ್ಲಿ ಗಂಟೆ. ಬೇಕೆಂದೇ ಸಿದ್ದನನ್ನು ಸೊಂಟದ ಮೇಲಿಟ್ಟುಕೊಂಡು ಹಿಟ್ಟು ನೀಡಲು ಹೋದೆ. ಅವನ ಮುಖ ಒಳಗಡೆಗೆ, ನನ್ನ ಹೆಗಲ ಮೇಲೆ. ಗಂಟೆ ಬಾರಿಸಿದರು. ಬೀದಿಯ ತುದಿಯ ನಾಯಿ ಬೊಗಳಿತು. ಇವನ ಕತ್ತು ಅಲ್ಲಾಡಲಿಲ್ಲ.

"ಶಾಂತ ಸ್ವರೂಪಿ ತಾಯಿ! ಮುಂದ ಮಠದ ಸ್ವಾಮಿ ಆಗ್ತಾನ ನೋಡ್ರಿ," ಅಂದರು ಅಯ್ಯನವರು. ಅತ್ತೆಗೆ ಕಣ್ಣಲ್ಲಿ ನೀರು. ಇನ್ನೊಂದು ಬೊಗಸೆ ಹಿಟ್ಟು ಹಾಕಿಸಿದರು.

ಗಂಟೆಗೆ ತಿರುಗದ ಕೂಸುಗಳೆಲ್ಲ ಸ್ವಾಮಿಗಳಾದರೆ ಇರುವ ಮಠಗಳು ಸಾಲುವುದಿಲ್ಲ.

೩ ಜುಲೈ

ಇವರಿಗೆ ಹೇಳಿಯೇ ಬಿಟ್ಟೆ. ಊಟಕ್ಕೆ ಕೂತಿದ್ದರು.

"ನೋಡ್ರಿ... ಹುಡುಗನಿಗೆ ಕಿವಿ ಕೇಳೋದಿಲ್ಲ ಅಂತ ನನಗೆ ಸಂಶಯ."

ತುತ್ತು ಕೈಯಲ್ಲೇ ನಿಂತಿತು. ಆಮೇಲೆ ನಕ್ಕರು. "ನಿನಗ ಯಾವಾಗ ಸಂಶಯ ಇರಂಗಿಲ್ಲ ಹೇಳು? ಮದುವಿ ಚಪ್ಪರ ಬೀಳ್ತತಿ ಅಂತ ಕಂಬ ಹಿಡಕೊಂಡು ನಿಂತಾಕಿ ನೀನು."

ಬಿದ್ದಿತ್ತಲ್ಲ ಚಪ್ಪರ! ಮಾರನೇ ದಿನ ಬಿತ್ತು. ಅದನ್ನು ಯಾರೂ ನೆನೆಯುವುದಿಲ್ಲ.

ಎಂಜಲು ಕೈ ತೊಳೆದು ಅಮ್ಮನ ಹತ್ತಿರ ಹೋಗಿ ಎಲ್ಲ ಒದರಿದರು. ಒಂದು ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದ ಗಂಡಸು. ಹೆಸರಿಗೆ ಕೊಟ್ರಬಸಪ್ಪ ಸಾಹುಕಾರ.

೪ ಜುಲೈ

ಇವತ್ತು ಟೆಸ್ಟ್ ಆಯಿತು. ದೊಡ್ಡ ಪರೀಕ್ಷೆ.

ನಾದಿನಿ ಕೊಟ್ರಮ್ಮ ಬೆಳುಗುಪ್ಪದಿಂದ ಬಂದಿದ್ದಾಳೆ. ಬಂದರೆ ಹೋಗುವವಳಲ್ಲ. ಅವಳದೇ ಯಜಮಾನಿಕೆ. ಸಿದ್ದನನ್ನು ಪಡಸಾಲೆಯ ನೆಲದ ಬಂಡೆಯ ಮೇಲೆ ಚಾಪೆ ಹಾಕಿ ಮಲಗಿಸಿದರು. ಅತ್ತೆ ಒಂದು ಕಡೆ, ಈರಕ್ಕ ಒಂದು ಕಡೆ. ಇವರು ಅಂಗಡಿಯಿಂದ ಮದುವೆಮನೆಯ ಹಂಡೆ ಹೊತ್ತು ತಂದು ಕೂಸಿನ ತಲೆಯ ಹಿಂದೆ ಎತ್ತಿ ಕೈಬಿಟ್ಟರು.

ಮನೆ ನಡುಗಿತು. ಸಿದ್ದ ಕೈಕಾಲು ಝಾಡಿಸಿ ಕಿಟ್ಟನೆ ಚೀರಿದ.

"ಆತು ನೋಡ್ರಿ!" ಕೊಟ್ರಮ್ಮ ಚಪ್ಪಾಳೆ ಹೊಡೆದಳು. "ಕೂಸು ಕಿವುಡ ಅಲ್ಲ. ಅವರವ್ವನ ತಲಿ ಕೆಟ್ಟತಿ. ಮಡಕಶಿರಾದಾಗ ಎಲ್ರೂ ಹಿಂಗs ಏನು ಅತ್ತಿಗೀ?"

ನಗು. ಬೆಲ್ಲ ಹಂಚಿದರು. ಹಂಡೆಯ ಅಂಚು ನೆಗ್ಗಿತ್ತು, ಅದಕ್ಕೂ ನನ್ನನ್ನೇ ಬೈದರು.

ಬೈಯಲಿ. ನಗಲಿ. ನಾನೂ ಬೆಲ್ಲ ತಿಂದೆ. ಚೀರಿದನಲ್ಲ! ಕೇಳಿತಲ್ಲ! ಎಷ್ಟು ಕೆಟ್ಟದ್ದು ಯೋಚಿಸಿದ್ದೆ ನಾನು, ಹೆತ್ತ ಮಗನ ಮೇಲೆ. ನನ್ನಂಥ ಹೆಂಗಸನ್ನು...

೧೯ ಜುಲೈ

ಇಷ್ಟು ದಿನ ಬರೆಯಲಿಲ್ಲ. ಹಾಯಾಗಿದ್ದವರು ಬರೆಯುವುದಿಲ್ಲ.

ಇವತ್ತು ಈರಕ್ಕ ನಮ್ಮ ಹಿತ್ತಲಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಸಿದ್ದ ಬಂಡೆಯ ಮೇಲೆ ಬೋರಲು ಬಿದ್ದು ಆಡುತ್ತಿದ್ದ. ಒನಕೆ ಬಿದ್ದಾಗಲೆಲ್ಲ ಮೈ ಜುಮ್ ಅನ್ನಿಸಿಕೊಳ್ಳುತ್ತಿದ್ದ. ಆದರೆ ಹಿತ್ತಲ ಕಡೆ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದ. ಅಂಗೈಯನ್ನು ಬಂಡೆಗೆ ಊರಿ, ಅದರೊಳಗೆ ಏನೋ ಇದೆ ಅನ್ನುವ ಹಾಗೆ ನೋಡುತ್ತಿದ್ದ.

ಎತ್ತಿ ಮಡಿಲಲ್ಲಿ ಹಾಕಿಕೊಂಡೆ. ಒನಕೆ ಬಿತ್ತು. ಏನೂ ಇಲ್ಲ. ಕೆಳಗಿಳಿಸಿದೆ. ಜುಮ್.

ಅತ್ತೆ ಗುಡಿಗೆ ಹೋಗಿದ್ದರು. ತೊಟ್ಟಿಲಿಗೆ ಹಾಕಿದೆ. ಅದು ತೊಲೆಯಿಂದ ಹಗ್ಗದಲ್ಲಿ ತೂಗುವ ತೊಟ್ಟಿಲು, ನೆಲಕ್ಕೆ ತಾಗುವುದಿಲ್ಲ. ದೇವರ ಮನೆಯ ಜಾಗಟೆ ತಂದು ಅವನ ತಲೆಯ ಹಿಂದೆ ನಿಂತು ಬಾರಿಸಿದೆ. ನನ್ನ ಕಿವಿಯೇ ಕಿತ್ತು ಬರುವಷ್ಟು. ಅವನು ತೊಟ್ಟಿಲಿಗೆ ಕಟ್ಟಿದ ಗಿಳಿಯ ಗೊಂಡೆ ನೋಡುತ್ತ ಜೊಲ್ಲು ಸುರಿಸುತ್ತಿದ್ದ.

ಹಂಡೆಯ ದಿನ ಅವನಿಗೆ ಹೇಳಿದ್ದು ನೆಲ. ಕಿವಿಯಲ್ಲ.

ಜಾಗಟೆಯ ಸದ್ದಿಗೆ ಇವರು ಅಂಗಡಿಯಿಂದ ಓಡಿ ಬಂದರು. "ಯಾಕ? ಏನಾತು?" ಹೇಳಿದೆ. ಬಂಡೆ, ಒನಕೆ, ತೊಟ್ಟಿಲು, ಎಲ್ಲ. ಕೇಳಿಸಿಕೊಂಡರು. "ಗಿರಾಕಿ ನಿಂತಾರ," ಅಂದು ಹೊರಟು ಹೋದರು.

ಗಿರಾಕಿಗಳು! ಪುಣ್ಯಾತ್ಮರು, ಯಾವಾಗಲೂ ಸಮಯಕ್ಕೆ ಸರಿಯಾಗಿ ನಿಂತಿರುತ್ತಾರೆ.

೧ ಆಗಸ್ಟ್, ಸೋಮವಾರ. ಶ್ರಾವಣ

ಪಂಚಮಿಯ ಗದ್ದಲ. ಉಂಡೆ ಕಟ್ಟಿ ಕಟ್ಟಿ ಬೆನ್ನು ಬಿದ್ದುಹೋಯಿತು. ಅತ್ತೆ ಮತ್ತು ಕೊಟ್ರಮ್ಮ ಹುತ್ತಕ್ಕೆ ಹಾಲೆರೆಯಲು ಹೋಗಿದ್ದರು.

ಇವರು ಅಂಗಡಿಯಿಂದ ಹೊಸ ತಂಬಿಗೆಯೊಂದನ್ನು ಹಿಡಿದು ಬಂದರು. ತೊಟ್ಟಿಲ ಹಿಂದೆ ನಿಂತು, ತಂಬಿಗೆಯ ಕಂಠವನ್ನು ಎರಡು ಬೆರಳಲ್ಲಿ ತೂಗಿ ಹಿಡಿದು ಬೆರಳ ಗಿಣ್ಣಿನಿಂದ ಬಡಿದರು, ಅಂಗಡಿಯಲ್ಲಿ ಸೀಳು ಇದೆಯೋ ಎಂದು ನೋಡುತ್ತಾರಲ್ಲ, ಹಾಗೆ. ಬಲಗಿವಿಯ ಹತ್ತಿರ. ಎಡಗಿವಿಯ ಹತ್ತಿರ. ಸದ್ದು ಹಿತ್ತಲಿನ ತನಕ ಹೋಗಿ ಸತ್ತಿತು. ಸಿದ್ದ ತನ್ನ ಕಾಲ ಬೆರಳು ಬಾಯಿಗೆ ಇಟ್ಟುಕೊಂಡಿದ್ದ.

ಆಮೇಲೆ ತಂಬಿಗೆ ಅವನ ಕಣ್ಣಿಗೆ ಬಿತ್ತು. ಹೊಳಪು ಕಂಡು ಎರಡೂ ಕೈ ಚಾಚಿ ಕೇಕೆ ಹಾಕಿದ. ಇವರು ಅದನ್ನು ಅವನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ನಿಂತರು.

"ಏನ್ರಿ," ಅಂದೆ.

"ಏನಿಲ್ಲ."

ಮಧ್ಯಾಹ್ನ ಉಣ್ಣಲಿಲ್ಲ. ಉಂಡೆಯನ್ನೂ ಮುಟ್ಟಲಿಲ್ಲ. ಗಂಡಸರ ದುಃಖ ಅಂದರೆ ಊಟ ಬಿಡುವುದು. ಬಿಟ್ಟ ಊಟ ಎತ್ತಿಡುವವರ ದುಃಖಕ್ಕೆ ಹೆಸರಿಲ್ಲ. ನಾನೂ ಉಣ್ಣಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

೯ ಆಗಸ್ಟ್

ಇವರು ತಮ್ಮ ಅಮ್ಮನಿಗೆ ಹೇಳಿದ್ದಾರೆ. ನಾನು ಹೇಳಿದಾಗ ಹುಚ್ಚು, ಮಗ ಹೇಳಿದರೆ ನಿಜ. ಅತ್ತೆ ಎದೆ ಬಡಿದುಕೊಂಡು ಅತ್ತರು. ಅತ್ತು ಮುಗಿಸಿ ತೀರ್ಪು ಕೊಟ್ಟರು.

ಕಾರಣ ಸಿಕ್ಕಿತಂತೆ! ಜ್ವರವಲ್ಲ, ಕ್ವಿನೈನ್ ಅಲ್ಲ. ನಮ್ಮ ಅತ್ತಿಗೆ.

ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕತಂಗಿ. ಅವಳು ಬಗ್ಗಿ 'ಕುರ್‍ರ್' ಅಂದು ಹೆಸರು ಹೇಳುತ್ತಿದ್ದ ಹಾಗೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಇದು ಅವಳ ಹಕ್ಕು. ಜನವರಿಯಲ್ಲಿ ಮಡಕಶಿರಾದ ನಮ್ಮ ಮನೆಯಲ್ಲಿ ತೊಟ್ಟಿಲು. ಕೊಟ್ರಮ್ಮ ಬರುತ್ತಿದ್ದ ಬಸ್ಸು ಕಲ್ಯಾಣದುರ್ಗದ ಹತ್ತಿರ ಕೆಟ್ಟು ನಿಂತಿತು. ಹೊತ್ತು ಮೀರುತ್ತದೆಂದು ನಮ್ಮಣ್ಣನ ಹೆಂಡತಿ ಹೆಸರು ಹೇಳಿದಳು. ಆಗ ಯಾರೂ ಏನೂ ಅನ್ನಲಿಲ್ಲ, ಹೋಳಿಗೆ ತಿಂದರು.

"ಪರರ ಮನೆಯಾಕಿ ಹೇಳಿದ್ರ ಹೆಸ್ರು ಒಳಗ ಹೆಂಗ ಇಳೀತತಿ? ಕಿವಿ ಬಾಗ್ಲಾಗs ನಿಂತುಬಿಟ್ಟತಿ. ಅದಕ್ಕs ಬ್ಯಾರೆ ಸದ್ದಿಗೂ ದಾರಿ ಇಲ್ಲ," ಅಂತಾರೆ ಅತ್ತೆ. ಹೆಸರು ಹೋಗಿ ಕಿವಿಗೆ ಬೂಚು ಹಾಕಿಕೊಂಡು ಕೂತಿದೆಯಂತೆ!

"ನನ್ನ ಹಕ್ಕು ಕಸಗೊಂಡ್ರು, ಕೂಸು ಅನುಭವಿಸಾಕತ್ತತಿ," ಕೊಟ್ರಮ್ಮ ಸೆರಗಿಗೆ ಮೂಗು ಒರೆಸಿದಳು. ಅವಳಿಗೆ ಈ ದುಃಖ ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ಸೀರೆ ಅಂಗಡಿಯಲ್ಲಿ ಉಟ್ಟು ನೋಡಿದ ಹಾಗೆ.

ಪರಿಹಾರ: ಮತ್ತೆ ತೊಟ್ಟಿಲು. ಮತ್ತೆ ಹೆಸರು. ಈ ಸಲ ಅವಳೇ.

ಇವರ ಮುಖ ನೋಡಿದೆ. ತಂಬಿಗೆ ಬಡಿದು ನೋಡಿದ ಮನುಷ್ಯ. "ಮಾಡೋಣ ಬಿಡು, ಹೋಗೋದೇನೈತಿ," ಅಂದರು.

೨೨ ಆಗಸ್ಟ್. ಶ್ರಾವಣದ ಕಡೇ ಸೋಮವಾರ

ಮುಗಿಯಿತು.

ಏಳು ತಿಂಗಳ ಹುಡುಗ, ಕೂರುತ್ತಾನೆ, ಹಿಡಿದೆಳೆಯುತ್ತಾನೆ. ಅವನನ್ನು ಹಸಿಗೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿ ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿದರು. ಕಾಲು ಹೊರಗೆ ಬರುತ್ತಿತ್ತು. ಬೀದಿಯ ಹೆಂಗಸರೆಲ್ಲ ಇದ್ದರು. ಜೋಗುಳ ಹಾಡಿದರು. ಯಾರಿಗೆ ಹಾಡುತ್ತಿದ್ದರೋ.

ಕೊಟ್ರಮ್ಮ ಬಗ್ಗಿದಳು. "ಕುರ್‍ರ್‍ರ್... ಗುರುಸಿದ್ದ! ಕುರ್‍ರ್‍ರ್... ಗುರುಸಿದ್ದ!" ಊರ ಕೋಟೆಯ ತನಕ ಕೇಳಿರಬೇಕು. ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ನಾನೂ ಗುದ್ದಿದೆ. ಜೋರಾಗಿಯೇ ಗುದ್ದಿದೆ. ಇವತ್ತಿನ ದಿನದಲ್ಲಿ ಅದೊಂದೇ ಸಂತೋಷ.

ಎಲೆ ಅಡಿಕೆ ಹಾಕಿದ ಬಾಯಿ, ಬಿಸಿ ಉಸಿರು, ಕಿವಿಗೆ ಕಚಗುಳಿ. ಸಿದ್ದ ಹೆಗಲು ಕುಗ್ಗಿಸಿ ಕಿಲಕಿಲ ನಕ್ಕ.

"ಕೇಳಿತು! ಕೇಳಿತು! ಹೆಸ್ರು ಕೇಳಿ ನಕ್ಕಾನ!"

ಅತ್ತೆ ಕೊಟ್ರಮ್ಮನ ಕೈ ಹಿಡಿದು ಅತ್ತರು. ಈರಕ್ಕ ಅತ್ತಳು. ಅಯ್ಯನವರು ವಿಭೂತಿ ಹಚ್ಚಿದರು. ಬಾಗಿಲ ಹತ್ತಿರ ನಿಂತಿದ್ದ ಇವರೂ ಕಣ್ಣೊರೆಸಿಕೊಂಡರು. ನಾನು ಹತ್ತಿರ ಹೋಗಿ ಮೆಲ್ಲಗೆ ಅಂದೆ, "ಕಚಗುಳಿ ಅದು. ನೀವೇ ಹೋಗಿ ಸುಮ್ಮನೆ ಕಿವಿಗೆ ಊದಿರಿ, ಆಗಲೂ ನಗ್ತಾನೆ."

"ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರು," ಅಂದರು.

ಒಂದು ದಿನವೇ? ಇರುತ್ತೇನೆ. ಎಲ್ಲರ ಹಾಗೆ.

೧೮ ಸೆಪ್ಟೆಂಬರ್

ಇವರ ಮನೆಯಲ್ಲಿ ಈಗ ಹೊಸ ಕಾನೂನು. ಸಿದ್ದನಿಗೆ ಕಿವಿ ಕೇಳುತ್ತದೆ. ಇಲ್ಲವೆಂದವರು ಅಪಶಕುನದವರು.

ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ, ಇವನು "ಅವ್ವ" ಅನ್ನುತ್ತಾನೆ ಎಂದು. ಅನ್ನುವುದಿಲ್ಲ. ಬಾಯಿ ತೆರೆದು ಮುಚ್ಚುತ್ತಾನೆ, ಅಷ್ಟೇ. ತೊಳೆದ ಲೋಟಕ್ಕೂ ಅಷ್ಟೇ ಮಾತು ಬರುತ್ತದೆ.

ಆದರೆ ಅದರಿಂದ ಆದದ್ದೇನು ಅಂದರೆ — ಇವತ್ತು ಅವನು ಅಂಬೆಗಾಲಲ್ಲಿ ಅಡಿಗೆಮನೆಗೆ ಹೊರಟ. ಒಲೆ ಉರಿಯುತ್ತಿತ್ತು. ಕೊಟ್ರಮ್ಮ ಹಿಂದಿನಿಂದ, "ಲೇ ಸಿದ್ದ! ಹೋಗಬ್ಯಾಡ! ನಿಲ್ಲು!" ಅಂದಳು. ಅವನು ಹೋದ. ಮತ್ತೆ ಕೂಗಿದಳು. ಮತ್ತೆ ಹೋದ. ಎದ್ದು ಹೋಗಿ ಎತ್ತಿಕೊಳ್ಳಲು ಇವಳಿಗೆ ಮಂಡಿ ನೋವು. ಕೊನೆಗೆ ಎದ್ದಳು. ಎತ್ತಿ, ತೊಡೆಗೆ ಎರಡು ಬಿಟ್ಟಳು.

"ಕೇಳಿದ್ರೂ ಕೇಳದಂಗ ಮಾಡ್ತಾನ. ಮೊಂಡ! ತಾಯಿ ಗುಣ."

ಸಿದ್ದ ಅಳುತ್ತ ಸುತ್ತ ನೋಡಿದ. ಯಾಕೆ ಹೊಡೆದರು ಎಂದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಬೆನ್ನ ಹಿಂದಿನ ಲೋಕವೇ ಇಲ್ಲ ಅವನಿಗೆ. ಅಲ್ಲಿಂದ ಏಟು ಮಾತ್ರ ಬರುತ್ತದೆ.

ತೊಡೆಯ ಮೇಲೆ ಬೆರಳು ಮೂಡಿದ್ದವು. ಇವರಿಗೆ ತೋರಿಸಿದೆ. "ನಾ ತಂಗಿಗೆ ಹೇಳ್ತೀನಿ," ಅಂದರು. ಹೇಳಲಿಲ್ಲ. ಹೇಳಿದ್ದರೆ ಈ ಗೋಡೆಯೊಳಗಿಂದ ಕೇಳಿಸುತ್ತಿತ್ತು.

ಕಿವುಡನೆಂದು ಒಪ್ಪಿದ್ದರೆ ಪಾಪ ಅನ್ನುತ್ತಿದ್ದರು. ಈಗ ಮೊಂಡ ಅಂತಾರೆ. ಇನ್ನು ದೊಡ್ಡವನಾಗುತ್ತಾನೆ, ಇನ್ನೂ ದೊಡ್ಡ ಏಟು. ಅಂಗಡಿಯಲ್ಲಿ, ಬೀದಿಯಲ್ಲಿ, ಎಲ್ಲ ಕಡೆ. ಅದೇ ಯೋಚನೆ. ತಲೆ ಬಾಚಿಕೊಳ್ಳುವಾಗಲೂ ಅದೇ.

೨೧ ಅಕ್ಟೋಬರ್. ಮಡಕಶಿರಾ

ದೀಪಾವಳಿಗೆ ಕರೆಯಲು ಅಣ್ಣ ಬಂದಿದ್ದ. ಬಂದುಬಿಟ್ಟೆ.

ಇಲ್ಲಿ ನೆಲಗಡಲೆ ಕೀಳುವ ಗಡಿಬಿಡಿ. ಅಂಗಳದ ತುಂಬ ಬಳ್ಳಿ. ಅಣ್ಣ ದೊಡ್ಡಮಲ್ಲಪ್ಪನಿಗೆ ಹೇಳಿದೆ. ಕಾಯಿ ಬಿಡಿಸುತ್ತ ಕೇಳಿದ.

"ಯೋಚ್ನೆ ಮಾಡ್ಬ್ಯಾಡ ಕಣಮ್ಮಿ, ಹುಡ್ಗ ಗುಂಡ್‌ಗುಂಡಾಗವ್ನೆ. ನಮ್ ಎರ್ರಪ್ಪನ ಮಗ ಐದ್ ವರ್ಸಕ್ಕೆ ಮಾತಾಡ್ದ. ಈಗ ಬಾಯಿ ಮುಚ್ಚಾಕಾಗ್ತಿಲ್ಲ."

ಎಲ್ಲ ಊರಲ್ಲೂ ಒಬ್ಬ ಎರ್ರಪ್ಪನ ಮಗ ಇರುತ್ತಾನೆ. ಅವನನ್ನು ಇಂಥ ಹೊತ್ತಿಗೆಂದೇ ಸಾಕಿಟ್ಟಿರುತ್ತಾರೆ.

ಅತ್ತಿಗೆ ಮಾತ್ರ ಒಳಗೆ ಕರೆದು ಪಿಸುಗುಟ್ಟಿದಳು. "ನಾನು ಹೆಸ್ರು ಹೇಳಿದ್ಕೇ ಹಿಂಗಾಯ್ತು ಅಂತಾವ್ರಂತಲ್ಲ ನಿಮ್ಮತ್ತೆ... ಹೌದೇನೆ? ನಂಗೆ ಅನ್ನ ಸೇರ್ತಿಲ್ಲ ಕಣೆ." ಅಳುತ್ತಿದ್ದಳು. ಅನ್ನ ಸೇರುತ್ತಿಲ್ಲವೆಂಬುದು ಸುಳ್ಳು, ನೋಡಿದರೆ ಗೊತ್ತಾಗುತ್ತದೆ. ಅಳು ನಿಜ. ಎಷ್ಟು ಸುಲಭವಾಗಿ ನಂಬಿದ್ದಾಳೆ! ರಾಯದುರ್ಗದಲ್ಲಿ ಉಗಿದದ್ದು ಇಲ್ಲಿ ಬಂದು ಇವಳ ಮುಖದ ಮೇಲೆ ಬಿದ್ದಿದೆ, ಇವಳು ಒರೆಸಿಕೊಳ್ಳುವುದೂ ಇಲ್ಲ.

"ಸುಮ್ಮನಿರು," ಅಂದೆ. "ನೀನು ಹೇಳಿದ್ದು ಅವನಿಗೆ ಕೇಳಿಲ್ಲ. ಅವಳು ಹೇಳಿದ್ದೂ ಕೇಳಿಲ್ಲ."

ಅಣ್ಣನಿಗೆ ಹೇಳಿದ್ದೇನೆ, ಡಾಕ್ಟರಿಗೆ ತೋರಿಸದೆ ನಾನು ರಾಯದುರ್ಗಕ್ಕೆ ಹೋಗುವುದಿಲ್ಲ.

೨ ನವೆಂಬರ್

ಹಿಂದೂಪುರಕ್ಕೆ ಹೋಗಿ ಬಂದೆವು. ಕಿವಿ ಗಂಟಲು ನೋಡುವ ಡಾಕ್ಟರು ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಾರಂತೆ. ಮದ್ರಾಸಿನಲ್ಲಿ ಓದಿದವರು. ಬೆಳಗಿನಿಂದ ಬೆಂಚಿನ ಮೇಲೆ ಕೂರಿಸಿದರು. ಅಣ್ಣ ಮೂರು ಸಲ ಕಾಫಿಗೆ ಹೋಗಿ ಬಂದ.

ಸಿದ್ದನ ಕಣ್ಣಿಗೆ ಟವಲು ಅಡ್ಡ ಹಿಡಿದರು. ಎರಡು ಹಲ್ಲಿನ ಉಕ್ಕಿನ ಕಡ್ಡಿಯೊಂದನ್ನು ಮಂಡಿಗೆ ಬಡಿದು ಕಿವಿಯ ಹತ್ತಿರ ಹಿಡಿದರು. ಶೀಟಿ ಊದಿದರು. ಹಿಂದಿನಿಂದ ಚಪ್ಪಾಳೆ, ಗಾಳಿ ತಾಗದ ಹಾಗೆ ದೂರದಿಂದ. ನೋಡುತ್ತಿದ್ದೆ. ಕೊಟ್ರಮ್ಮನಿಗಿಂತ ಬುದ್ಧಿವಂತರು ಅನ್ನಿಸಿತು. ದೊಡ್ಡ ಹೊಗಳಿಕೆಯೇನಲ್ಲ.

"ಕೇಳಿಸೋದಿಲ್ಲಮ್ಮ. ಹುಟ್ಟಿದಾಗಿನಿಂದ ಇರಬೇಕು. ಔಷಧ ಇಲ್ಲ. ಕಿವಿಗೆ ಎಣ್ಣೆಗಿಣ್ಣೆ ಹಾಕಬೇಡಿ."

ಕಂಪೌಂಡರಿಗೆ ಕಿಟಕಿ ತೆಗೆ ಅಂದ ಅದೇ ದನಿಯಲ್ಲಿ ಹೇಳಿದರು.

ಕ್ವಿನೈನ್ ವಿಷಯ ಕೇಳಿದೆ. "ಇರಬಹುದು, ಇಲ್ಲದೆಯೂ ಇರಬಹುದು. ಜ್ವರಕ್ಕೆ ಕೊಡದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೇನೋ." ಇಷ್ಟು ಓದಿ ಇಷ್ಟೇ. ಇರಬಹುದು, ಇಲ್ಲದೆಯೂ ಇರಬಹುದು. ಇದನ್ನು ಐದನೇ ಕ್ಲಾಸು ಅರ್ಧ ಓದಿದವಳೂ ಹೇಳುತ್ತಾಳೆ.

ಹೊರಡುವಾಗ ಇನ್ನೊಂದು ಮಾತು: "ಎದುರಿಗೆ ಕೂತು ಮುಖ ತೋರಿಸಿ ಮಾತಾಡಿ. ಕೈಯಲ್ಲಿ ತೋರಿಸಿ. ಬೆನ್ನ ಹಿಂದಿನಿಂದ ಕೂಗಬೇಡಿ. ಮನೆಯವರಿಗೆಲ್ಲ ಹೇಳಿ. ದೊಡ್ಡವನಾದ ಮೇಲೆ ಇಂಥ ಮಕ್ಕಳಿಗೆ ಶಾಲೆ ಇದೆ."

ಮನೆಯವರಿಗೆಲ್ಲ ಹೇಳಿ! ಮನೆಯವರನ್ನು ನೋಡಿಲ್ಲ ಡಾಕ್ಟರು.

ದಾರಿಯುದ್ದಕ್ಕೂ ಅಣ್ಣನೇ ಹುಡುಗನನ್ನು ಎತ್ತಿಕೊಂಡಿದ್ದ. ಎರ್ರಪ್ಪನ ಮಗನ ಸುದ್ದಿ ಇಲ್ಲ. ನಾನು ಅಳಲಿಲ್ಲ. ಮೊದಲೇ ಗೊತ್ತಿತ್ತಲ್ಲ. ಗೊತ್ತಿದ್ದದ್ದು ಬೇರೆ, ಇದು ಬೇರೆ... ಬೇಡ.

೨೬ ನವೆಂಬರ್

ಸಿದ್ದ ಹಾಲು ಬೇಕಾದರೆ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ನಾನು ಅಂಗೈ ಅಡ್ಡ ಹಿಡಿದರೆ ನಿಲ್ಲುತ್ತಾನೆ. ಇವತ್ತು ಅತ್ತಿಗೆ ಒಲೆಯ ಮುಂದೆ ಹಾಗೆ ಹಿಡಿದಳು. ನಿಂತ! ಅವಳು ಮತ್ತೆ ಅತ್ತಳು. ಈ ಹೆಂಗಸಿನ ಕಣ್ಣೀರಿನಲ್ಲಿ ಒಂದು ಮಡಿ ರಾಗಿ ಬೆಳೆಯಬಹುದು.

ಇವರ ಸುದ್ದಿ ಇಲ್ಲ. ಮದುವೆ ಕಾಲ, ಪಾತ್ರೆ ವ್ಯಾಪಾರ ಜೋರಿರಬೇಕು.

೧೦ ಡಿಸೆಂಬರ್, ಶನಿವಾರ

ಬಂದರು. ಹೊಸ ಪಂಚೆ, ಮಗನಿಗೆ ಮಿಠಾಯಿ, ನನಗೆ ಬಳೆ. ತಪ್ಪು ಮಾಡಿದವರ ಗಂಟು ಯಾವಾಗಲೂ ದೊಡ್ಡದು.

ಡಾಕ್ಟರು ಹೇಳಿದ್ದನ್ನೆಲ್ಲ ಅಣ್ಣನ ಮುಂದೆಯೇ ಹೇಳಿದೆ. ತಲೆ ತಗ್ಗಿಸಿ ಕೂತರು. ಅಣ್ಣ ಎದ್ದು ಎತ್ತುಗಳನ್ನು ನೋಡಲು ಹೋದ. ಎತ್ತುಗಳು ಹೊಲದಲ್ಲಿದ್ದವು.

"ನನಗ ಗೊತ್ತಿತ್ತು," ಅಂದರು ಕೊನೆಗೆ. "ಪಂಚಮಿ ದಿನಾನs ಗೊತ್ತಾತು."

"ಮತ್ತೆ ಕಣ್ಣೊರೆಸಿಕೊಂಡು ನಿಂತಿದ್ದಿರಲ್ಲ ತೊಟ್ಟಿಲ ದಿನ?"

"ಅವ್ವ ಅಷ್ಟು ಸಂತೋಷ ಪಟ್ಟಿದ್ಲು."

"ಅವ್ವನ ಸಂತೋಷಕ್ಕೆ ಹುಡುಗ ಒದೆ ತಿನ್ನಬೇಕೇನು?"

ಪಂಚೆಯ ಅಂಚು ತಿರುವುತ್ತ ಅಂದರು, "ಹಿಂಗ ಮಾಡೋಣ. ನಮ್ಮಿಬ್ರಿಗೆ ಗೊತ್ತಿದ್ರ ಸಾಕು. ಮಂದಿಗೆ ಯಾಕ? ಅವ್ವಗೂ ಬ್ಯಾಡ. ಆ ಮಾತು ಒಂದ್ಸಲ ಹೊರಗ ಬಿದ್ರ ಅಂಗಡಿ ಬಾಗಿಲಾಗs ಕೂಡ್ತತಿ."

"ಆ ಮಾತು ನಿಮ್ಮ ಬಾಯಿಂದ ನಿಮ್ಮಮ್ಮನ ಮುಂದೆ ಬರೋ ತನಕ ನಾನು ಬರೋದಿಲ್ಲ. ಬಳೆ ತಗೊಂಡು ಹೋಗಿ ಕೊಟ್ರಮ್ಮನಿಗೆ ತೊಡಿಸಿರಿ."

ಇಷ್ಟು ಮಾತಾಡಿದ್ದು ನಾನೇ. ಬರೆಯುತ್ತಿದ್ದರೆ ನಂಬಿಕೆ ಬರುತ್ತಿಲ್ಲ. ಎದ್ದು ಹೋಗಿಬಿಟ್ಟರೆ? ಇನ್ನೊಂದು ಮದುವೆ ಅಂದರೆ? ಅತ್ತೆ ನಾಳೆಯೇ ಹೆಣ್ಣು ನೋಡುತ್ತಾರೆ.

೧೧ ಡಿಸೆಂಬರ್

ಎದ್ದು ಹೋಗಲಿಲ್ಲ. ಸಿದ್ದನನ್ನು ಎತ್ತಿಕೊಂಡು ಹೊಲದ ಕಡೆ ಹೋಗಿ ಬಂದರು. "ಹೇಳ್ತೀನಿ. ಬಾ," ಅಂದರು. ಇವರ 'ಹೇಳ್ತೀನಿ' ನನಗೆ ಗೊತ್ತಿದ್ದದ್ದೇ. ತಂಗಿಗೆ ಹೇಳಿದ ಹಾಗೆಯೇ.

ಆದರೂ ಹೊರಟಿದ್ದೇನೆ. ಯಾಕೆ ಹೊರಟೆ, ತಿಳಿಯದು. ಅತ್ತಿಗೆ ಬುತ್ತಿ ಕಟ್ಟುತ್ತಿದ್ದಾಳೆ, ಅಳುತ್ತ.

೧೨ ಡಿಸೆಂಬರ್, ಸೋಮವಾರ. ಕಲ್ಯಾಣದುರ್ಗ, ಮಧ್ಯಾಹ್ನ

ಬಸ್ಸಿನ ಟಯರು ಹೋಗಿದೆ. ಬಿಚ್ಚುತ್ತಿದ್ದಾರೆ. ಕಾಫಿ ಗುಡಿಸಲಿನ ಮುಂದಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈಗ ನಡೆದದ್ದು.

ಸಿದ್ದನನ್ನು ಕೆಳಗೆ ಬಿಟ್ಟಿದ್ದೆ. ನಾನು ಬುತ್ತಿ ಬಿಚ್ಚುತ್ತಿದ್ದೆ, ಇವರು ಬಸ್ಸಿನವನ ಜೊತೆ ಜಗಳ. ಹುಡುಗ ಅಂಬೆಗಾಲಲ್ಲಿ ಕಾಫಿ ಒಲೆಯ ಕಡೆ ಹೊರಟ. ಕಾಫಿಯವಳು, ತೆಲುಗಿನ ಮುದುಕಿ, ಅಲ್ಲಿಂದಲೇ ಕಿರುಚಿದಳು, ನಿಲ್ಲು, ಸುಡುತ್ತದೆ ಎಂದು. ಇವನು ಹೋದ. ಮತ್ತೆ ಕಿರುಚಿದಳು. ನಾನು ಏಳುವಷ್ಟರಲ್ಲಿ ಇವರು ಓಡಿ ಹೋಗಿ ಎತ್ತಿಕೊಂಡಿದ್ದರು.

"ಎಂತ ಮೊಂಡಿವಾಡಯ್ಯಾ ನೀ ಕೊಡುಕು! ರೆಂಡು ತಗಿಲಿಂಚು," ಅಂದಳು ಮುದುಕಿ. ಎಂಥ ಮೊಂಡ ನಿನ್ನ ಮಗ, ಎರಡು ಬಿಡು ಅಂತ.

ಬೆಂಚಿನ ಮೇಲೆ ಏಳೆಂಟು ಜನ. ನಕ್ಕರು. ಇವರೂ ನಗುತ್ತಾರೆ ಎಂದುಕೊಂಡೆ. ಇಂಥ ಕಡೆ ನಗುವ ಅಭ್ಯಾಸ ಇವರಿಗೆ.

"ಮೊಂಡಿ ಕಾದಮ್ಮಾ," ಅಂದರು. ನಿಂತರು. "ವಾಡಿಕಿ ಚೆವುಡು. ವಿನಪಡದು."

ಮೊಂಡನಲ್ಲ. ಕಿವುಡ. ಕೇಳಿಸುವುದಿಲ್ಲ.

ತೆಲುಗಿನಲ್ಲಿ! ಪರಭಾಷೆಯಲ್ಲಿ, ಪರಸ್ಥಳದಲ್ಲಿ, ಇನ್ನೆಂದೂ ಕಾಣದ ಮುದುಕಿಗೆ. ಮನೆಯ ಮಾತಿನಲ್ಲಿ ಬಾಯಿಗೆ ಬರಲಿಲ್ಲ ಈ ಮನುಷ್ಯನಿಗೆ. ಬಡ್ಡಿಗೆ ತಂದ ನಾಲಿಗೆಯಲ್ಲಿ ಹೇಳಿ ಮುಗಿಸಿದರು. ಅಷ್ಟಾದರೂ ಹೇಳಿದರಲ್ಲ ಅಂತ ಖುಷಿಪಡಬೇಕೇ ನಾನು?

ಹತ್ತಿರ ಹೋದೆ. ಜನ ನೋಡುತ್ತಿದ್ದರು. ನೋಡಲಿ.

"ಕನ್ನಡದಲ್ಲಿ ಹೇಳಿರಿ," ಅಂದೆ.

ನನ್ನ ಮುಖ ನೋಡಿದರು. ಹುಡುಗನ ಮುಖ ನೋಡಿದರು. ಅವನು ಇವರ ತುಟಿ ಹಿಡಿದು ಎಳೆಯುತ್ತಿದ್ದ. ಕೈ ಬಿಡಿಸಿಕೊಳ್ಳದೆಯೇ, ಬೆರಳುಗಳ ಸಂದಿನಿಂದ —

"ನಮ್ಮ ಹುಡುಗಗ ಕಿವಿ ಕೇಳಂಗಿಲ್ಲ."

ಸಂತೆಯಲ್ಲಿ ಕೊಡ ಮಾರುವ ದನಿ. ಟಯರು ಬಿಚ್ಚುವವನೂ ತಲೆಯೆತ್ತಿದ. ದನಿ ಇಳಿಸುವುದೂ ಗೊತ್ತಿಲ್ಲ ಇವರಿಗೆ. ಹೇಳಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು, ಹೊಸ ಪಂಚೆಯಲ್ಲಿ, ಮಸಿಯಲ್ಲಿ. ಮುದುಕಿ ಒಂದು ಲೋಟ ನೀರು ತಂದು ಇಟ್ಟಳು. ಇವರು ಕುಡಿಯಲಿಲ್ಲ, ಹುಡುಗನಿಗೆ ಕುಡಿಸಿದರು.

ನನಗೆ ಈಗಲೂ ನಂಬಿಕೆ ಇಲ್ಲ. ಇಲ್ಲಿ ಹೇಳುವುದು ಬೇರೆ. ಟಯರು ಹಾಕಿದ್ದಾಯಿತು, ಕರೆಯುತ್ತಿದ್ದಾರೆ. ಸಂಜೆಯೊಳಗೆ ರಾಯದುರ್ಗ. ಅತ್ತೆ ಬಾಗಿಲಲ್ಲೇ ನಿಂತಿರುತ್ತಾರೆ, ಬೀದಿಯವರೂ ಇರುತ್ತಾರೆ. ನಾವು ಇಳಿಯುವ ಮೊದಲೇ "ಸಿದ್ದಾ" ಅಂತ ಕೂಗುತ್ತಾರೆ. ಇವನು ತಿರುಗುವುದಿಲ್ಲ. ಎಲ್ಲರೂ ಇವರ ಮುಖ ನೋಡುತ್ತಾರೆ. ಆಗ ಇವರು ಆ ಮಾತನ್ನು ಅಮ್ಮನ ಮುಂದೆಯೂ ಹೇಳುತ್ತಾರೋ, ಇಲ್ಲ ಗಿರಾಕಿ ನಿಂತಾರ ಅನ್ನುತ್ತಾರೋ.